ಬೊಂಡಾಸ್ ಎಲ್ಲಿ ಸೇರ್ತದೆ? ಮೇಲಿನ ಚಾರ್ಟು, ಅಡಿಯ ನೀರು

ಪಡುಕಡಲು:
ಇನ್‌ಕಾಯ್ಸ್, ಅಂದರೆ ಕೇಂದ್ರ ಸರ್ಕಾರದ ಸಮುದ್ರ ಮಾಹಿತಿ ಸಂಸ್ಥೆ, ಕೊಡುವ ಮೀನು ಸಿಗಬಹುದಾದ ವಲಯದ ಮಾಹಿತಿ ಬೂತಾಯಿ, ಬಂಗುಡೆಗೆ ಉಪಯೋಗಕ್ಕೆ ಬರ್ತದೆ, ಅದರಲ್ಲಿ ತಕರಾರಿಲ್ಲ. ಬೊಂಡಾಸ್ (ಸ್ಕ್ವಿಡ್) ವಿಷಯದಲ್ಲಿ ಮಾತ್ರ ಆ ಚಾರ್ಟಿನಲ್ಲಿ ಎಳೆದ ಗೆರೆ ಕೈಕೊಡ್ತದೆ. ಗೆರೆ ಹಿಡಿದು ಟ್ರಾಲ್ (ಬೋಟಿನ ಹಿಂದೆ ಎಳೆಯುವ ಚೀಲದ ಬಲೆ) ಎಳೆದರೆ ಚೀಲದಲ್ಲಿ ರಾಣಿ ಮೀನು, ಕಾರ್ಗಿಲ್ ಮೀನು. ಗೆರೆಯೇ ಇಲ್ಲದ ಕಡೆ, 10-15 ಕಿ.ಮೀ. ಆಚೆ, ಬೊಂಡಾಸ್. ಇದೇನು ಅದೃಷ್ಟದ ಆಟವೋ, ಅಲ್ಲ ನೀರಿನ ಲೆಕ್ಕ ಏನಾದರೂ ಉಂಟೋ? ನಾನು ಕೇಳ್ತಿರುವುದು ಮಂಗಳೂರು, ಮಲ್ಪೆ, ಹೊನ್ನಾವರದ ಎದುರಿನ 30ರಿಂದ 100 ಮೀಟರ್ ಆಳದ ಬಗ್ಗೆ. ಗೊತ್ತಿದ್ದವರು ಬಿಡಿಸಿ ಹೇಳಿ. "ಎಲ್ಲಾ ಕಡಲಿನ ಇಚ್ಛೆ" ಎಂಬ ಉತ್ತರ ಬೇಡ, ಅದು ಬೋಟ್ ನಿಲ್ಲುವ ದಕ್ಕೆಯಲ್ಲಿ ಪುಕ್ಕಟೆ ಸಿಗ್ತದೆ.

ನೀಲಿನೆತ್ತರು:
ಲೆಕ್ಕ ಉಂಟು. ಮೊದಲು ಆ ಗೆರೆ ಎಂತದು ಅಂತ ನೋಡುವ. ಉಪಗ್ರಹ ಗಮನಿಸುವುದು ಎರಡೇ ಸಂಗತಿ: ನೀರಿನ ಮೇಲ್ಮೈ ಎಷ್ಟು ಬಿಸಿ, ಎಷ್ಟು ಹಸಿರು. ಹಸಿರೆಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯ. ಈ ಎರಡೂ ಥಟ್ಟನೆ ಬದಲಾಗುವ ಅಂಚಿಗೆ ಗೆರೆ ಎಳೀತಾರೆ. ಬೂತಾಯಿ ಆ ಹಸಿರನ್ನೇ ಸೋಸಿ ತಿನ್ನುವ ಮೀನು. ಹಸಿರಿದ್ದಲ್ಲಿ ಊಟ, ಊಟವಿದ್ದಲ್ಲಿ ಬೂತಾಯಿ.

ಬೊಂಡಾಸ್ ಬೇಟೆಗಾರ. ಅದಕ್ಕೆ ಬೇಕಾದ್ದು ಸಣ್ಣ ಮೀನು, ಸಿಗಡಿ, ಕೆಲವೊಮ್ಮೆ ತನ್ನದೇ ಜಾತಿಯ ಮರಿ. ಹಸಿರು ಹುಟ್ಟಿ, ಅದನ್ನು ತಿನ್ನುವ ಹುಳದಂಥ ಜೀವಿ ಹೆಚ್ಚಿ, ಅದರ ಹಿಂದೆ ಸಣ್ಣ ಮೀನು ಬಂದು, ಅದರ ಹಿಂದೆ ಬೊಂಡಾಸ್ ಬರುವಾಗ ವಾರಗಳೇ ಕಳೆದಿರ್ತವೆ. ಇವತ್ತಿನ ಗೆರೆ ಬೊಂಡಾಸ್ ಮಟ್ಟಿಗೆ ಮುಂದಿನ ತಿಂಗಳ ಸುದ್ದಿ. ಹಾಗಾಗಿ ಹಿಂದಿನ ಮೂರು-ನಾಲ್ಕು ವಾರದ ನಕ್ಷೆ ಇಟ್ಟುಕೊಂಡು, ಅಂಚು ಯಾವ ಜಾಗದಲ್ಲಿ ಅಲುಗದೆ ನಿಂತಿತ್ತು ಅಂತ ಹುಡುಕಬೇಕು. ಒಂದೇ ದಿನ ಕಂಡು ಮಾಯವಾದ ಅಂಚಿಗೆ ಬೆಲೆಯಿಲ್ಲ.

ಇನ್ನೊಂದು ತೊಡಕು. ನಮ್ಮ ಕರಾವಳಿಯಲ್ಲಿ ಟ್ರಾಲ್‌ಗೆ ಬೀಳುವ ಬೊಂಡಾಸ್ ಮುಖ್ಯವಾಗಿ ಒಂದೇ ಜಾತಿ, ಯೂರೋಟ್ಯೂಥಿಸ್ ಡುವಾಸೆಲಿ. ಹಳೆಯ ವರದಿಗಳಲ್ಲಿ ಲೋಲಿಗೋ ಡುವಾಸೆಲಿ ಅಂತ ಇರ್ತದೆ. ಇದು ಹಗಲಿಗೆ ತಳದ ಹತ್ತಿರ, ರಾತ್ರಿಗೆ ಮೇಲೆ. ಮೊಟ್ಟೆ ಇಡುವುದೂ ತಳದಲ್ಲೇ. ನೀವು ಹಗಲು ಟ್ರಾಲ್ ಎಳೆಯುವುದು ತಳದಲ್ಲಿ, ಚಾರ್ಟ್ ಹೇಳುವುದು ಮೇಲ್ಮೈ ಕಥೆ. ಎರಡರ ನಡುವೆ 60 ಮೀಟರ್ ನೀರು ಉಂಟು.

ತೆಂಕಗಾಳಿ:
ಆ 60 ಮೀಟರ್ ನೀರಿನೊಳಗೇ ಎಲ್ಲ ಇರುವುದು. ಮೇಲೆ ಬಿಸಿ ನೀರಿನ ಪದರ, ಕೆಳಗೆ ತಂಪು ನೀರು. ನಡುವೆ ಕೆಲವೇ ಮೀಟರ್‌ಗಳಲ್ಲಿ ನಾಲ್ಕೈದು ಡಿಗ್ರಿ ಇಳಿಯುವ ಗಡಿ, ಅಂದರೆ ಥರ್ಮೋಕ್ಲೈನ್. ಇಲ್ಲಿ ಅದನ್ನು ತಂಪಿನ ಗಡಿ ಅನ್ನುವ.

ಮಳೆಗಾಲದಲ್ಲಿ ನಮ್ಮ ಕರಾವಳಿಯ ದೊಡ್ಡ ಪ್ರವಾಹ ಬಡಗಿನಿಂದ ತೆಂಕಿಗೆ ಹರಿಯುತ್ತದೆ, ತಂಪಿನ ಗಡಿ ಮೇಲೇರಿ ದಡದ ಕಡೆ ತೆವಳಿ ಬರ್ತದೆ. ಇದು ಕೇರಳದ ತೆಂಕು ತುದಿಯಲ್ಲಿ ಮೊದಲು ಶುರುವಾಗಿ ಮೆಲ್ಲ ಬಡಗಿಗೆ ಹಬ್ಬುತ್ತದೆ. ಗಾಳಿ ಇಲ್ಲಿ ಬೀಸಲೇಬೇಕೆಂದಿಲ್ಲ. ದೂರದ ಗಾಳಿ ಎಬ್ಬಿಸಿದ ಅಲೆ ಕರಾವಳಿ ಹಿಡಿದು ಬಂದು ಗಡಿಯನ್ನು ಎತ್ತಬಹುದು. ಚಳಿಗಾಲದಲ್ಲಿ ಉಲ್ಟಾ. ಪ್ರವಾಹ ಬಡಗಿಗೆ ತಿರುಗ್ತದೆ, ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರು ಮೇಲ್ಪದರದಲ್ಲಿ ಬರ್ತದೆ, ತಂಪಿನ ಗಡಿ ಆಳಕ್ಕೆ ತಗ್ಗುತ್ತದೆ.

ಈಗ ಪಡುಕಡಲು ಅವರ "10-15 ಕಿ.ಮೀ. ಆಚೆ" ಲೆಕ್ಕ. ಮಲ್ಪೆಯ ಎದುರು ಸಮುದ್ರ ತಳದ ಇಳಿಜಾರು ಬಹಳ ಕಡಿಮೆ, ಅಂದಾಜಿಗೆ ಒಂದು ಕಿಲೋಮೀಟರಿಗೆ ಒಂದು ಮೀಟರ್ ಅನ್ನಿ. ತಂಪಿನ ಗಡಿ ತಳಕ್ಕೆ ಎಲ್ಲಿ ತಾಗ್ತದೋ ಅಲ್ಲೊಂದು ಪಟ್ಟಿ. ಗಡಿ ಬರೀ 10 ಮೀಟರ್ ಏರಿದರೂ ಆ ಪಟ್ಟಿ 10 ಕಿಲೋಮೀಟರ್ ದಡದ ಕಡೆ ಸರಿದಾಯಿತು. ಮೇಲ್ಮೈಯಲ್ಲಿ ಅದರ ಸುಳಿವೇ ಇರುವುದಿಲ್ಲ. ಬೊಂಡಾಸ್ ಹಿಡಿಯುವ ಜಾಗವೆಂದರೆ ಜಿಪಿಎಸ್‌ನಲ್ಲಿ ಉಳಿಸಿಟ್ಟ ಚುಕ್ಕಿಯಲ್ಲ, ಓಡಾಡುವ ಈ ಪಟ್ಟಿ ಎಂಬುದು ನನ್ನ ವಾದ. ಕಳೆದ ವಾರದ ಚುಕ್ಕಿಗೆ ಹೋಗಿ "ಬೊಂಡಾಸ್ ಖಾಲಿ" ಅನ್ನುವವರು ಎಷ್ಟು ಜನ ಇದ್ದಾರೆ!

ದಕ್ಕೆಲೆಕ್ಕ:
ತೆಂಕಗಾಳಿ ಅಣ್ಣ, ಒಂದು ಆಕ್ಷೇಪ. ಅಡಿಯ ತಂಪು ನೀರು ಮೇಲೆ ಬಂದರೆ ಗೊಬ್ಬರ ಬಂದ ಹಾಗೆ. ಪೆರುವಿನಲ್ಲಿ, ಅರ್ಜೆಂಟೀನಾದಲ್ಲಿ ತಣ್ಣೀರು ಇದ್ದಲ್ಲೇ ಜಗತ್ತಿನ ದೊಡ್ಡ ಬೊಂಡಾಸ್ ಮೀನುಗಾರಿಕೆ ನಡೆಯುತ್ತದೆ. ಹಾಗಾದರೆ ನಮ್ಮಲ್ಲೂ ತಂಪು ಹೆಚ್ಚಿದಷ್ಟೂ ಒಳ್ಳೆಯದಲ್ವಾ? ಪಟ್ಟಿಯ ಅಂಚೇ ಯಾಕೆ, ತಂಪಿನ ನಡುವಿಗೇ ಹೋಗಬಹುದಲ್ಲ?

ನೀಲಿನೆತ್ತರು:
ಹೋಗಬಹುದು, ಬಲೆ ತೊಳೆದು ಬರಲಿಕ್ಕೆ.

ತಮಾಷೆ ಬದಿಗಿಡುವ. ಅರಬ್ಬೀ ಸಮುದ್ರದ ತಂಪು ನೀರಿನಲ್ಲಿ ಗೊಬ್ಬರ ಎಷ್ಟು ಉಂಟೋ ಆಮ್ಲಜನಕ ಅಷ್ಟೇ ಕಮ್ಮಿ. ಹೊರ ಸಮುದ್ರದಲ್ಲಿ ಸುಮಾರು 150ರಿಂದ 1000 ಮೀಟರ್‌ವರೆಗೆ ಉಸಿರಿಲ್ಲದ ನೀರಿನ ದಪ್ಪ ಪದರ ಉಂಟು. ಮಳೆಗಾಲದಲ್ಲಿ ದಡಕ್ಕೆ ತೆವಳಿ ಬರುವುದು ಅದರ ಮೇಲಂಚಿನ ನೀರು. ಬಂದ ಮೇಲೆ, ಮೇಲಿಂದ ಉದುರುವ ಸತ್ತ ಹಸಿರು ಕೊಳೆತು ಉಳಿದ ಆಮ್ಲಜನಕವನ್ನೂ ತಿನ್ನುತ್ತದೆ. ಅದರ ಮೇಲೆ ಮಳೆಯ, ಹೊಳೆಗಳ ಸಿಹಿನೀರು ಮುಚ್ಚಳದ ಹಾಗೆ ಕೂರುವುದರಿಂದ ಗಾಳಿ ಕೆಳಗಿಳಿಯುವುದಿಲ್ಲ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇದು ತುಟ್ಟತುದಿಗೆ ಹೋಗ್ತದೆ. 1999ರಲ್ಲಿ ನಮ್ಮ ಪಡುವಣ ಕರಾವಳಿಯ ತಳದ ನೀರಿನಲ್ಲಿ ಆಮ್ಲಜನಕ ಪೂರ್ತಿ ಮುಗಿದು ಕೊಳೆತ ಮೊಟ್ಟೆ ನಾತದ ಹೈಡ್ರೋಜನ್ ಸಲ್ಫೈಡ್ ಹುಟ್ಟಿದ್ದನ್ನು ಗೋವಾದ ಸಮುದ್ರ ವಿಜ್ಞಾನಿಗಳು ದಾಖಲಿಸಿದ್ದಾರೆ.

ಬೊಂಡಾಸ್ ಈಜುವುದು ನೀರನ್ನು ಚಿಮ್ಮಿಸಿ. ಇದು ದುಬಾರಿ ಓಟ, ಮೀನಿಗಿಂತ ಉಸಿರು ಹೆಚ್ಚು ಬೇಕು. ಅದರ ರಕ್ತ ತಾಮ್ರದ್ದು, ನೀಲಿ. ನಮ್ಮ ಕೆಂಪು ರಕ್ತದಷ್ಟು ಆಮ್ಲಜನಕ ಹೊರುವ ತಾಕತ್ತು ಅದಕ್ಕಿಲ್ಲ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದ ನೀರನ್ನು ಸಾಮಾನ್ಯವಾಗಿ ಜೀವಿಗಳಿಗೆ ಕಷ್ಟದ ನೀರು ಅಂತಾರೆ. ಬೊಂಡಾಸ್ ಅಲ್ಲಿವರೆಗೂ ಕಾಯುವುದಿಲ್ಲ, ಮೊದಲೇ ಜಾಗ ಖಾಲಿ ಮಾಡ್ತದೆ. ಎಲ್ಲಿಗೆ? ಒಂದೋ ದಡದ ಕಡೆಗೆ, ಇಲ್ಲವೇ ತಳ ಬಿಟ್ಟು ನಡುನೀರಿಗೆ. ಊಟ ಇರುವುದು ತಂಪಿನ ಕಡೆ, ಉಸಿರು ಇರುವುದು ಬಿಸಿಯ ಕಡೆ. ಆದ್ದರಿಂದ ಗಡಿಯ ಬಿಸಿ ಮಗ್ಗುಲಲ್ಲಿ ಒತ್ತಿಕೊಂಡು ನಿಲ್ಲುತ್ತದೆ. ಹರಡಿಕೊಂಡಿದ್ದ ಬೊಂಡಾಸನ್ನು ಕಿರಿದಾದ ಪಟ್ಟಿಗೆ ತಳ್ಳುವುದು ಈ ನೀರೇ. ಕೆಟ್ಟ ನೀರು ಪಕ್ಕದಲ್ಲೇ ಇದ್ದಾಗ ಬಲೆ ತುಂಬುವುದು ಇದಕ್ಕೆ.

ಪೆರುವಿನ ಬೊಂಡಾಸ್ ಬೇರೆಯೇ ಜಾತಿ, ಡೊಸಿಡಿಕಸ್ ಗಿಗಾಸ್. ಅದು ಹಗಲು ಉಸಿರಿಲ್ಲದ ಪದರಕ್ಕೆ ಇಳಿದು, ದೇಹದ ಕೆಲಸವನ್ನೇ ಕುಗ್ಗಿಸಿ ಸುಮ್ಮನೆ ಇದ್ದು, ರಾತ್ರಿ ಮೇಲೆ ಬಂದು ತಿನ್ನುತ್ತದೆ. ಆ ಲೆಕ್ಕವನ್ನು ಮಲ್ಪೆಗೆ ತಂದರೆ ಡೀಸೆಲ್ ದಂಡ.

ದಕ್ಕೆಲೆಕ್ಕ:
ಪೆರು ಬಿಟ್ಟೆ. ಅರ್ಜೆಂಟೀನಾ?

ತೆಂಕಗಾಳಿ:
ಅಲ್ಲಿಯದು ಇಲ್ಲೆಕ್ಸ್ ಅರ್ಜೆಂಟೈನಸ್. ಮಾಲ್ವಿನಾಸ್ ಅಥವಾ ಫಾಕ್‌ಲ್ಯಾಂಡ್ ಪ್ರವಾಹ ಅಂತ ಕರೆಯುವ ತಣ್ಣೀರು ಪಟಗೋನಿಯಾದ ಖಂಡದಂಚು ಹಿಡಿದು ಬಡಗಿಗೆ ಹರಿಯುತ್ತದೆ. ಖಂಡದಂಚೆಂದರೆ ಸುಮಾರು 200 ಮೀಟರ್ ಆಳ, ಅಲ್ಲಿಂದ ಮುಂದೆ ತಳ ಕಡಿದಾಗಿ ಬೀಳ್ತದೆ. ದಕ್ಷಿಣ ಅಕ್ಷಾಂಶ 45ರಿಂದ 47ರ ನಡುವೆ ಆ ಅಂಚಿನ ಮೇಲೆ ಹಡಗುಗಳ ಸಾಲು ಎಷ್ಟು ದಟ್ಟ ಎಂದರೆ ಅವುಗಳ ದೀಪ ಉಪಗ್ರಹದ ರಾತ್ರಿ ಚಿತ್ರದಲ್ಲಿ ಊರಿನ ಹಾಗೆ ಕಾಣ್ತದೆ. ಅಲ್ಲೂ ಜಾಗ ಅಂಚಿನಲ್ಲೇ, ತಣ್ಣೀರಿನ ನಟ್ಟನಡುವೆ ಅಲ್ಲ. ನಮ್ಮಲ್ಲಿಗೂ ಅಲ್ಲಿಗೂ ಇರುವ ವ್ಯತ್ಯಾಸ: ಅವರ ಅಂಚನ್ನು ಭೂಮಿಯ ಆಕಾರವೇ ಹಿಡಿದಿಟ್ಟಿದೆ, ಹೆಚ್ಚು ಓಡಾಡುವುದಿಲ್ಲ. ನಮ್ಮದು ಚಪ್ಪಟೆ ತಳದ ಮೇಲೆ ಜಾರುವ ಅಂಚು.

ಇನ್ನೊಂದು ವಿಷಯ. ಇಲ್ಲೆಕ್ಸ್ ಒಂದೇ ವರ್ಷ ಬದುಕುವ ಪ್ರಾಣಿ. ಮರಿ ಹುಟ್ಟುವ ಕಡೆ ನೀರು 16ರಿಂದ 18 ಡಿಗ್ರಿ ಇರುವ ಜಾಗ ಎಷ್ಟು ಅಗಲವಿತ್ತು ಎಂಬುದಕ್ಕೂ ಮುಂದಿನ ಹಂಗಾಮಿನ ಹಿಡಿತಕ್ಕೂ ನಂಟು ಕಂಡುಬಂದಿದೆ. ಅಂದರೆ ಹಿಡಿಯುವ ಜಾಗದ ನೀರೊಂದನ್ನೇ ನೋಡಿದರೆ ಅರ್ಧ ಲೆಕ್ಕ.

ನೀಲಿನೆತ್ತರು:
ಅದಕ್ಕೆ ಜಪಾನಿನ ಉದಾಹರಣೆ ಇನ್ನೂ ಚೆನ್ನ. ಅಲ್ಲಿನ ತೊಡಾರೊಡೆಸ್ ಪೆಸಿಫಿಕಸ್ ಮೊಟ್ಟೆಗಳನ್ನು ದೊಡ್ಡ ಲೋಳೆ ಚೆಂಡಿನೊಳಗೆ ಇಡ್ತದೆ, ಸುಮಾರು 80 ಸೆಂಟಿಮೀಟರ್ ಅಡ್ಡಳತೆ. ಅದು ತಳಕ್ಕೆ ಅಂಟುವುದಿಲ್ಲ, ನಡುನೀರಿನ ಸಾಂದ್ರತೆಯ ಗಡಿಯ ಮೇಲೆ ತೇಲಿ ನಿಲ್ಲುತ್ತದೆ. ಒಡೆದ ಮರಿ ಮೇಲ್ಮೈಗೆ ಈಜುತ್ತದೆ. ಆ ನೀರು ಸುಮಾರು 18ರಿಂದ 24 ಡಿಗ್ರಿ ಒಳಗಿರಬೇಕು. ಗಡಿ ಇಲ್ಲದಿದ್ದರೆ ಚೆಂಡು ಮುಳುಗಿ ಹಾಳು, ಮೇಲೆ ತೀರಾ ಬಿಸಿಯೋ ತಂಪೋ ಆದರೆ ಮರಿ ಹಾಳು. 1980ರ ದಶಕದ ಕೊನೆಗೆ ಅಲ್ಲಿನ ಸಮುದ್ರ ಬಿಸಿಯ ಹಂತಕ್ಕೆ ಹೊರಳಿದಾಗ ಚಳಿಗಾಲದಲ್ಲಿ ಮೊಟ್ಟೆ ಇಡಲಿಕ್ಕಾಗುವ ಪ್ರದೇಶ ಹಿಗ್ಗಿ, 1990ರ ದಶಕದಲ್ಲಿ ಹಿಡಿತ ಏರಿತು. 2010ರ ದಶಕದ ನಡುವಿನ ನಂತರ ಕುಸಿಯಿತು. ಹಕೊದಾತೆಯಂಥ ಬೊಂಡಾಸ್ ಪೇಟೆಯಲ್ಲೇ ಮಾಲಿಗೆ ಬರ ಬಂತು.

ಕ್ಯಾಲಿಫೋರ್ನಿಯಾದಲ್ಲೂ ಅಷ್ಟೇ. 1997-98ರ ಎಲ್ ನಿನೋ (ಪೆಸಿಫಿಕ್ ಸಮುದ್ರದ ನೀರು ಬಿಸಿಯೇರುವ ವಿದ್ಯಮಾನ) ಹೊತ್ತಿಗೆ ಅಲ್ಲಿನ ಬೊಂಡಾಸ್ ನೆಲಕಚ್ಚಿತು. ಮರುವರ್ಷ ತಣ್ಣೀರು ಮರಳಿದ್ದೇ ತಡ ಹಿಡಿತವೂ ಮರಳಿತು. ಒಂದೇ ವರ್ಷದ ಆಯುಸ್ಸಿಗೆ ಇದೇ ಲಾಭ, ಇದೇ ನಷ್ಟ. ಹಳೆಯ ದಾಸ್ತಾನು ಇರುವುದಿಲ್ಲ.

ಪಡುಕಡಲು:
ಜಪಾನ್ ತಿರುಗಿ ಬಂದಾಯಿತು, ಇನ್ನು ಬೋಟಿಗೆ ಬನ್ನಿ ಮಾರಾಯ್ರೆ. ತಂಪಿನ ಗಡಿ ತಳಕ್ಕೆ ತಾಗುವ ಪಟ್ಟಿ ಅಂತ ಹೇಳಿದಿರಿ. ಬೋಟಿನಲ್ಲಿ ನಿಂತವನಿಗೆ ಅದು ಕಾಣುವುದು ಹೇಗೆ?

ಬಲೆಕಣ್ಣು:
ಎರಡು ದಾರಿ. ಒಂದು ಫೈಂಡರ್, ಅಂದರೆ ಶಬ್ದ ಕಳಿಸಿ ಅದರ ಮಾರ್ದನಿಯಿಂದ ಮೀನು ತೋರಿಸುವ ಯಂತ್ರ; ಇನ್ನೊಂದು ತಾಪ-ಆಳ ದಾಖಲಿಸುವ ಚಿಕ್ಕ ಲಾಗರ್.

ಲಾಗರ್ ಮೊದಲು. ಬೆರಳು ಗಾತ್ರದ್ದು. ಪಿವಿಸಿ ಪೈಪಿನ ತುಂಡಿನಲ್ಲಿಟ್ಟು ಬಲೆಯ ತಲೆಹಗ್ಗಕ್ಕೋ (ಬಾಯಿಯ ಮೇಲಂಚಿನ ಹಗ್ಗ), ಬಲೆಯ ಬಾಯಿ ಅಗಲಿಸುವ ಬೋರ್ಡಿನ ಮೇಲ್ಭಾಗಕ್ಕೋ ಕಟ್ಟಬೇಕು. ಬೋರ್ಡಿನ ಕೆಳಗಂಚಿಗೆ ಕಟ್ಟಿದರೆ ಮೊದಲ ಕಲ್ಲಿಗೇ ಹೋಗ್ತದೆ. ಪೈಪಿಗೆ ಸುತ್ತಲೂ ತೂತು ಕೊರೆಯಬೇಕು. ತೂತಿಲ್ಲದಿದ್ದರೆ ಒಳಗಿನ ನೀರು ಬದಲಾಗದೆ ಲಾಗರ್ ತಡವಾಗಿ ತಾಪ ತೋರಿಸ್ತದೆ, 20 ಮೀಟರಿನಲ್ಲಿರುವ ಗಡಿ 35ರಲ್ಲಿ ಇದ್ದಂತೆ ಬರ್ತದೆ. ಎಲ್ಲರೂ ಮಾಡುವ ಇನ್ನೊಂದು ತಪ್ಪು, ಬ್ಯಾಟರಿ ಉಳಿಸಲಿಕ್ಕೆ ಐದು ನಿಮಿಷಕ್ಕೊಂದು ದಾಖಲೆ ಇಡುವುದು. ಬಲೆ 60 ಮೀಟರಿಗೆ ಇಳಿಯಲಿಕ್ಕೆ ಕೆಲವೇ ನಿಮಿಷ ಸಾಕು. ಐದು ನಿಮಿಷದ ಅಂತರದಲ್ಲಿ ಸಿಗುವುದು ಮೇಲಿನದೊಂದು ಚುಕ್ಕಿ, ತಳದ್ದೊಂದು ಚುಕ್ಕಿ. ಗಡಿಯೇ ಮಾಯ. 10 ಸೆಕೆಂಡಿಗೆ ಇಡಿ.

ಓದುವ ಬಗೆ: ಮೇಲೆ 28, 20 ಮೀಟರ್‌ವರೆಗೆ ಅದೇ, 30ಕ್ಕೆ ಬರುವಾಗ 24, ತಳದಲ್ಲಿ 22 ಅಂತಿಟ್ಟುಕೊಳ್ಳಿ. ನೀವು ತಂಪಿನ ಒಳಗೆ ಇದ್ದೀರಿ, ಪಟ್ಟಿ ದಡದ ಕಡೆ ಉಂಟು. ಒಂದು ಮೀಟರಿಗೆ ಒಂದು ಕಿಲೋಮೀಟರ್ ಲೆಕ್ಕದಲ್ಲಿ ತಳ 25-30 ಮೀಟರ್ ಆಗುವವರೆಗೆ ಬಿಸಿಯ ಕಡೆ ಬನ್ನಿ. ಮೇಲಿಂದ ತಳದವರೆಗೂ 28 ಅಂತ ಬಂದರೆ ಪಟ್ಟಿ ನಿಮ್ಮಿಂದ ಪಡುವಣಕ್ಕೆ, ಆಳದ ಕಡೆ. ಎಳೆಯುವುದು ಒಂದೇ ಆಳ ಹಿಡಿದು ದಡಕ್ಕೆ ಸಮಾನಾಂತರ, ಬಡಗು-ತೆಂಕು. ದಡದಿಂದ ಆಳಕ್ಕೆ ಅಡ್ಡಲಾಗಿ ಎಳೆದರೆ ಪಟ್ಟಿಯನ್ನು ದಾಟಿಬಿಡ್ತೀರಿ.

ಆಮ್ಲಜನಕ ಅಳೆಯುವ ಯಂತ್ರ ನಮ್ಮ ಕೈಗೆ ದುಬಾರಿ. ಮಳೆಗಾಲ ಕಳೆದ ಹೊತ್ತಿನಲ್ಲಿ ತಳದ ತಾಪವೇ ಅದರ ಬದಲಿ: 22-23ಕ್ಕೆ ಇಳಿದಿದ್ದರೆ ಉಸಿರು ಕಮ್ಮಿಯ ನೀರು ಎಂದು ಎಣಿಸಬಹುದು. ಬಲೆಯ ಅಡಿಹಗ್ಗದ ಕೆಸರನ್ನೂ ಮೂಸಿ. ಕಪ್ಪು ಕೆಸರು, ಕೊಳೆತ ಮೊಟ್ಟೆಯ ನಾತ, ಸತ್ತ ಏಡಿ ಬಂದರೆ ಅಲ್ಲಿ ಇನ್ನೊಂದು ಎಳೆತ ಬೇಡ.

ಇನ್ನು ಫೈಂಡರ್. ಬೊಂಡಾಸ್‌ಗೆ ಮೀನಿನ ಹಾಗೆ ಗಾಳಿಚೀಲ ಇಲ್ಲ. ಫೈಂಡರ್‌ನಲ್ಲಿ ಮೀನು ಕೆಂಪಗೆ ಕಾಣುವುದು ಮುಖ್ಯವಾಗಿ ಆ ಗಾಳಿಯಿಂದ. ಬೊಂಡಾಸ್ ಹಿಂಡು ತಳಕ್ಕೆ ಹತ್ತಿಕೊಂಡ ಮಸುಕು ನೀಲಿ-ಹಸಿರು ಉಜ್ಜಿದ ಗುರುತು, ಅಷ್ಟೇ. ಕೆಂಪಗೆ ಕಂಡರೆ ಅದು ರಾಣಿಯೋ ಬಂಗುಡೆಯೋ. ಸಾಮಾನ್ಯ 600 ವ್ಯಾಟಿನ ಟ್ರಾನ್ಸ್‌ಡ್ಯೂಸರ್‌ನಲ್ಲಿ (ಶಬ್ದ ಕಳಿಸಿ ಮಾರ್ದನಿ ಹಿಡಿಯುವ ಭಾಗ) 50 ಕಿಲೋಹರ್ಟ್ಸ್ ಕಿರಣ 45 ಡಿಗ್ರಿಯಷ್ಟು ಅಗಲ, 200 ಕಿಲೋಹರ್ಟ್ಸ್‌ನದು 12ರಷ್ಟು. ಅಂದರೆ 60 ಮೀಟರ್ ಆಳದಲ್ಲಿ ಮೊದಲನೆಯದು ಸುಮಾರು 50 ಮೀಟರ್ ಅಗಲದ ವೃತ್ತವನ್ನೂ ಎರಡನೆಯದು 13 ಮೀಟರಿನದನ್ನೂ ನೋಡ್ತದೆ. ಅಗಲದ ಕಿರಣದಲ್ಲಿ ತಳದ ಹತ್ತಿರದ ಮಸುಕು ಗುರುತು ತಳದೊಳಗೇ ಹುದುಗಿ ಹೋಗ್ತದೆ. 200ಕ್ಕೆ ಹಾಕಿ. ಪಲ್ಸ್, ಅಂದರೆ ಒಂದು ಸಲ ಕಳಿಸುವ ಶಬ್ದದ ತುಣುಕು, ಚಿಕ್ಕದಿರಲಿ: 1 ಮಿಲಿಸೆಕೆಂಡಿನ ಪಲ್ಸ್ 75 ಸೆಂಟಿಮೀಟರ್ ಒಳಗಿನದನ್ನು ಬೇರೆ ಬೇರೆ ತೋರಿಸಲಾರದು, 0.2 ಇಟ್ಟರೆ 15 ಸೆಂಟಿಮೀಟರ್. ತಳದಿಂದ ಮೇಲಿನ 10 ಮೀಟರನ್ನು ಜೂಮ್ ಮಾಡಿ, ಪರದೆಯಲ್ಲಿ ತೆಳು ಧೂಳಿನ ಹಾಗೆ ಕಾಣಲು ಶುರುವಾಗುವವರೆಗೆ ಗೇನ್ (ಮಾರ್ದನಿ ಹಿಗ್ಗಿಸಿ ತೋರಿಸುವ ಮಟ್ಟ) ಏರಿಸಿ. ಆಟೋ ಗೇನ್ ಬೇಡ; ಅದಕ್ಕೆ ಈ ಮಸುಕು ಕಸ, ಅಳಿಸಿಬಿಡ್ತದೆ.

ದಕ್ಕೆಲೆಕ್ಕ:
ಇಷ್ಟು ಸ್ಪಷ್ಟವಾಗಿ ಫೈಂಡರ್ ಬಗ್ಗೆ ಯಾರೂ ಹೇಳಿರಲಿಲ್ಲ. ಆಟೋ ಗೇನ್ ಮಾತು ಬರೆದಿಟ್ಟುಕೊಂಡೆ.

ಕಾಳಿಮುಖ:
ಉತ್ತರ ಕನ್ನಡದ ಕಡೆಯಿಂದ ಒಂದು ಸೇರಿಸ್ತೇನೆ. ತಾಪ, ಆಮ್ಲಜನಕದ ಜೊತೆ ಉಪ್ಪು ಮತ್ತು ಕೆಸರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೊಂಡಾಸ್ ಕುಲಕ್ಕೆ ಉಪ್ಪು ಇಳಿದ ನೀರು ಆಗಿಬರುವುದಿಲ್ಲ. ಬೇಟೆ ಕಣ್ಣಿನ ಮೇಲೆ ನಡೆಯುವುದರಿಂದ ರಾಡಿ ನೀರೂ ಬೇಡ. ಮಳೆ ಜೋರಿದ್ದಾಗ ಕಾಳಿ, ಶರಾವತಿ, ನೇತ್ರಾವತಿಯ ಕೆಂಪು ನೀರು ಅಳಿವೆಯಿಂದ ಸಮುದ್ರದೊಳಗೆ ಚಾಚಿಕೊಂಡಿರ್ತದೆ. ಹಾಗಾಗಿ ತಂಪಿನ ಪಟ್ಟಿ ದಡದ ಕಡೆ ಬಂದರೂ ಅಳಿವೆಯ ಎದುರು ಬೊಂಡಾಸ್ ಬರುವುದಿಲ್ಲ, ಪಕ್ಕಕ್ಕೆ ಸರೀತದೆ. ಪಟ್ಟಿಯಲ್ಲಿ ಅಲ್ಲಲ್ಲಿ ತೂತು ಬೀಳುವುದು ಹೀಗೆ. ಚಾರ್ಟಿಗೂ ಇದರಿಂದ ಮೋಸ: ಹೊಳೆಯ ಕೆಸರನ್ನು ಉಪಗ್ರಹ ಹಸಿರೆಂದು ತಪ್ಪು ತಿಳಿಯಬಹುದು. ದಡಕ್ಕೆ ಹತ್ತಿದ ಹಸಿರನ್ನು ಮಳೆಗಾಲದಲ್ಲಿ ನಂಬಬೇಡಿ. ಮೋಡ ಕವಿದರೆ ತಾಪದ ಚಿತ್ರವೂ ಇಲ್ಲ. ಮೋಡದ ಮೂಲಕ ನೋಡಬಲ್ಲ ಮೈಕ್ರೋವೇವ್ ಉಪಕರಣಕ್ಕೆ ದಡದ ಹತ್ತಿರ ಕಣ್ಣು ಕಾಣುವುದಿಲ್ಲ.

ತಳದ ಗುಣವನ್ನೂ ಮರೆಯಬೇಡಿ. ಬೊಂಡಾಸ್ ಮೊಟ್ಟೆ ಬಿಳಿ ಬೆರಳಿನ ಗೊಂಚಲಿನ ಹಾಗೆ, ಗಟ್ಟಿ ಆಸರೆಗೆ ಅಂಟಿಕೊಂಡಿರ್ತದೆ: ಚಿಪ್ಪು, ಕಲ್ಲು, ಹರಿದ ಬಲೆ. ಬರೀ ಮೆತ್ತನೆ ಕೆಸರಿದ್ದರೆ ಮೊಟ್ಟೆಯ ಜಾಗ ಅಲ್ಲ. ಬಲೆಯಲ್ಲಿ ಆ ಗೊಂಚಲು ಬಂದರೆ ಚುಕ್ಕಿ ಗುರುತಿಸಿ, ಅಲ್ಲಿ ಎಳೆಯುವುದು ನಿಲ್ಲಿಸಿ. ಮುಂದಿನ ಹಂಗಾಮಿನ ಮಾಲು ಅದು.

ದಕ್ಕೆಲೆಕ್ಕ:
ಕಪ್ಪೆ ಬೊಂಡಾಸ್‌ಗೂ (ಕಟಲ್‌ಫಿಶ್) ಇದೇ ಲೆಕ್ಕವಾ? ತೆಂಗಿನ ಖಾಲಿ ಗೊನೆ ಕಟ್ಟಿ ಮುಳುಗಿಸಿ ಹಿಡೀತಾರಲ್ಲ.

ಕಾಳಿಮುಖ:
ಅದು ಸಮುದ್ರ ಮಾಡಿದ ಜಾಗವಲ್ಲ, ಮನುಷ್ಯ ಮಾಡಿದ್ದು. ಕಾಯಿ ಕೊಯ್ದ ಗೊನೆಗಳನ್ನು ಕಟ್ಟಾಗಿ ಬಿಗಿದು ಮರಳು ಚೀಲದ ಭಾರಕ್ಕೆ ಇಳಿಸ್ತಾರೆ, ಜಿಪಿಎಸ್‌ನಲ್ಲಿ ಗುರುತು ಇಡ್ತಾರೆ. ಕಪ್ಪೆ ಬೊಂಡಾಸ್ ಕಪ್ಪು ದ್ರಾಕ್ಷಿಯಂಥ ಮೊಟ್ಟೆ ಅಂಟಿಸಲು ಬಂದಾಗ ಗಾಳ ಹಾಕ್ತಾರೆ. ನೀರು ಸರಿಯಿಲ್ಲದ ಕಡೆ ಎಷ್ಟು ಗೊನೆ ಮುಳುಗಿಸಿದರೂ ಬರುವುದಿಲ್ಲ, ಅಷ್ಟರಮಟ್ಟಿಗೆ ಲೆಕ್ಕ ಅದೇ. ಆದರೆ ಬರುವುದೆಲ್ಲ ಮೊಟ್ಟೆ ಇಡುವ ದೊಡ್ಡ ಮಾಲು. ಜೊತೆಗೆ ಟ್ರಾಲ್ ಬಲೆ ಆ ಗೊನೆಗೆ ಸಿಕ್ಕಿ ಹರಿದರೆ ಜಗಳ ಬೇರೆ. ಒಳ್ಳೆಯ ಕಸುಬು ಅಂತ ನನಗನಿಸುವುದಿಲ್ಲ.

ಪಡುಕಡಲು:
ದೀಪದ ವಿಷಯ? ರಾತ್ರಿ ಮೇಲೆ ಬರ್ತದೆ ಅಂತಾದರೆ ದೀಪ ಹಾಕಿದಲ್ಲೇ ಜಾಗ ಆಗ್ತದಲ್ಲ.

ತೆಂಕಗಾಳಿ:
ಕಾನೂನಿನ ಮಾತು ಮೊದಲು: ಎಲ್‌ಇಡಿ ಮತ್ತಿತರ ಕೃತಕ ಬೆಳಕು ಬಳಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದೆ. ನಮ್ಮಲ್ಲಿ ಆ ಪ್ರಶ್ನೆ ಅಲ್ಲಿಗೆ ಮುಗೀತು.

ಹೊರದೇಶದ ಗಾಳದ ಹಡಗಿನಲ್ಲಿ ತಲಾ 2 ಕಿಲೋವ್ಯಾಟಿನ ನೂರಕ್ಕೂ ಹೆಚ್ಚು ದೀಪ ಇರ್ತವೆ. ಬೊಂಡಾಸ್ ಬೆಳಕಿನ ನಡುವಿಗೆ ಬರುವುದಿಲ್ಲ, ಹಡಗಿನ ನೆರಳಿನಲ್ಲಿ ನಿಂತು ಬೆಳಕಿಗೆ ಬಂದ ಮೀನಿನ ಮೇಲೆ ಹಾರ್ತದೆ. ಗಾಳ ಇಳಿಯುವುದು ಆ ನೆರಳಿನ ಅಂಚಿನಲ್ಲಿ. ಹುಣ್ಣಿಮೆಯಲ್ಲಿ ಎಲ್ಲೆಲ್ಲೂ ಬೆಳಕು, ನೆರಳಿಗೆ ಬೆಲೆ ಕಮ್ಮಿ, ಹಿಡಿತವೂ ಕಮ್ಮಿ. ದೀಪ ಹತ್ತಿರದಲ್ಲಿ ಇರುವುದನ್ನು ಒಟ್ಟುಮಾಡ್ತದೆ ಅಷ್ಟೆ. ಇಲ್ಲದ ಕಡೆ ಹುಟ್ಟಿಸುವುದಿಲ್ಲ. ಆ ಹಡಗುಗಳೂ ಮೊದಲು ತಾಪದ ನಕ್ಷೆ ನೋಡಿ ಅಂಚು ಹುಡುಕಿ, ಆಮೇಲೆ ದೀಪ ಹೊತ್ತಿಸ್ತವೆ.

ಪಡುಕಡಲು:
ಹಾಗಾದರೆ ಜೂನ್-ಜುಲೈ ರಜೆ ಮುಗಿದು ಆಗಸ್ಟ್‌ಗೆ ಬೋಟ್ ಇಳಿಸುವಾಗ ಲಾಗರ್ ಕಟ್ಟಿಕೊಂಡೇ ಹೋಗುವುದು. ಕೊನೆಯ ಪ್ರಶ್ನೆ: ಚಾರ್ಟಿನ ಆಳಕ್ಕೂ ಬೋಟ್ ನಡೆಸುವ ತಾಂಡೇಲರು ಹೇಳುವ ಆಳಕ್ಕೂ ತಾಳೆ ಬರುವುದೇ ಇಲ್ಲ ಯಾಕೆ?

ಬಲೆಕಣ್ಣು:
ಚಾರ್ಟು ಮೀಟರಿನಲ್ಲಿ, ತಾಂಡೇಲರು ಮಾರಿನಲ್ಲಿ. ಒಂದು ಮಾರು ಅಂದರೆ 6 ಅಡಿ, 1.83 ಮೀಟರ್. ಅವರ 40 ಮಾರು ನಿಮ್ಮ 73 ಮೀಟರ್. ದೂರಕ್ಕೂ ಹಾಗೇ: ಮಾಹಿತಿ ಕಿಲೋಮೀಟರಿನಲ್ಲಿ ಬರ್ತದೆ, ಜಿಪಿಎಸ್ ನಾಟಿಕಲ್ ಮೈಲಿನಲ್ಲಿ ಓಡ್ತದೆ, 1 ಮೈಲಿಗೆ 1.852 ಕಿ.ಮೀ. ಅಕ್ಷಾಂಶ ಹಾಕುವಾಗ 13 ಡಿಗ್ರಿ 20 ನಿಮಿಷ 30 ಸೆಕೆಂಡನ್ನು 13 ಡಿಗ್ರಿ 20.30 ಅಂತ ಒತ್ತಬೇಡಿ, ಅದು 20.50. ತಪ್ಪಿದರೆ 370 ಮೀಟರ್ ಅತ್ತಿತ್ತ. ಬೊಂಡಾಸ್ ಪಟ್ಟಿಗೆ ಅದು ಲೆಕ್ಕಕ್ಕಿಲ್ಲ, ಕಲ್ಲಿನ ಚುಕ್ಕಿಯಾದರೆ ಬಲೆ ಹೋಯ್ತು.